ಓಬಳೇಶ ನಲ್ಲಿ ನೀರು ಕುಡಿದ ದಿನ

ಚಿತ್ರದುರ್ಗ,
ಎರಡು ಸಾವಿರದ ಮುನ್ನೂರ ಹದಿನೆಂಟನೆಯ ಇಸವಿ, ಫೆಬ್ರವರಿ ಮೂವತ್ತು

ಎಷ್ಟೋ ತಲೆಮಾರು ಹಿಂದೆ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ಅಜ್ಜಿಯಂದಿರಿಗೂ ಅಜ್ಜಂದಿರಿಗೂ ಶಾಂಭವಿ ತಾಂಡೇಲ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ; ನಿಮ್ಮ ನಂತರ ಯಾರೋ ಪುಣ್ಯಾತ್ಮರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಅದರ ಮೇಲೆ ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಹೊಸ ಮದುವಣಗಿತ್ತಿಗೆ ತವರಿನ ನೆನಪು ಕಾಡುತ್ತದೆ ಎನ್ನುತ್ತಾರೆ. ನನ್ನನ್ನು ಕಾಡುತ್ತಿರುವ ತವರು ಕಾರವಾರದ ಹತ್ತಿರ ಕಾಳಿ ನದಿ ಕಡಲು ಸೇರುವಲ್ಲಿ, ಗುಡ್ಡದ ಮೇಲಿರುವ ಚಿಪ್ಪು ಸಂಶೋಧನಾ ಕೇಂದ್ರ. ಬೆಳಿಗ್ಗೆ ಗಾಳಿದೋಣಿಯಲ್ಲಿ, ಅಂದರೆ ಕಡಲ ಗಾಳಿಯ ಬಲದಿಂದಲೇ ಓಡುವ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆವು. ಕೇಂದ್ರದ ಕಿಟಕಿಯ ಸರಳಿಗೆ ಬಾಳೆನಾರಿನ ಕೋಟುಗಳನ್ನು ಒಣಹಾಕಿರುತ್ತಿದ್ದರು, ಹಳೆಯ ಪಂಪು ಕೆಮ್ಮುತ್ತಿತ್ತು, ತೊಟ್ಟಿಗಳ ವಾಸನೆ ತಲೆಗೂದಲಿಗೆ ಹತ್ತಿದರೆ ಸೀಗೆಕಾಯಿಗೂ ಬಗ್ಗುತ್ತಿರಲಿಲ್ಲ. ಆಹಾ, ಆ ವಾಸನೆ! ಈಗ ಯಾರಾದರೂ ಶೀಶೆಯಲ್ಲಿ ತುಂಬಿಸಿ ಕಳಿಸಿದರೆ ಅತ್ತರಿನ ಹಾಗೆ ಹಚ್ಚಿಕೊಳ್ಳುತ್ತೇನೆ. ಅಲ್ಲಿದ್ದಾಗ ಮಾತ್ರ ದಿನವೂ ಗೊಣಗುತ್ತಿದ್ದೆ. ಒಂದು ತೊಟ್ಟಿಯ ಅನುಮತಿಗೆ ಒಂದು ವರ್ಷ ಕಾದೆ. ಅನುಮತಿ ಬಂದ ವಾರವೇ ಚಿಪ್ಪುಗಳೆಲ್ಲ ಸತ್ತವು. ಯಾರದೇ ಮನೆಯ ಸಮಾರಂಭಕ್ಕೆ ಹೋದರೂ ಚಿಕ್ಕಮ್ಮಂದಿರು, "ನಿನ್ನ ಓದು ಇನ್ನೂ ಮುಗೀಲಿಲ್ವೇನೆ?" ಎಂದು ಕೇಳುತ್ತಿದ್ದರು. ಈ ಪ್ರಶ್ನೆ ನಿಮ್ಮ ಕಾಲದಿಂದಲೇ ಬಂದದ್ದಂತೆ, ನಿಜವೇ?

ನನ್ನ ನಾಲ್ಕು ವರ್ಷದ ಕೆಲಸ ಇಷ್ಟು. ಚಿಪ್ಪುಗಳನ್ನು ಕತ್ತಲೆ ಕೋಣೆಯ ತೊಟ್ಟಿಯಲ್ಲಿ ಇಟ್ಟರೂ ಅವು ಹೊರಗೆ ಉಬ್ಬರ ಬಂದಾಗ ಬಾಯಿ ತೆರೆಯುತ್ತಿದ್ದವು, ಇಳಿತದಲ್ಲಿ ಮುಚ್ಚುತ್ತಿದ್ದವು. ಚಿಪ್ಪಿಗೆ ತನ್ನ ಕಡಲಿನ ನೆನಪಿದೆ ಎಂದು ನಾನು ಹೇಳಿದೆ. ಎಷ್ಟು ಚಂದದ ಮಾತು! ಹೇಳುವಾಗಲೆಲ್ಲ ಕಣ್ಣು ತುಂಬುತ್ತಿತ್ತು. ಆದರೆ ನಮ್ಮಲ್ಲಿ ಯಾವ ಶೋಧವೂ ಒಮ್ಮೆಗೇ ಮಹಾಸ್ಮೃತಿಗೆ ಸೇರುವುದಿಲ್ಲ. ಮಹಾಸ್ಮೃತಿ ಎಂದರೆ ಮನುಷ್ಯರು ತಿಳಿದದ್ದನ್ನೆಲ್ಲ ಇಟ್ಟುಕೊಂಡಿರುವ ಯಂತ್ರ. ಅದಕ್ಕೆ ಮೊದಲು ದೂರದ ಊರಿನ ಮರುಕೈ ಒಬ್ಬರು ಅದೇ ಪ್ರಯೋಗವನ್ನು ಹೊಸದಾಗಿ ಮಾಡಿ ನೋಡಬೇಕು. ಅವರ ಕೈಯಲ್ಲೂ ಆದರೆ ನಿಂತಿತು, ಆಗದಿದ್ದರೆ ಬಿತ್ತು. ಬಿದ್ದದ್ದನ್ನು ಅಳಿಸಿಹಾಕುತ್ತಾರೆ.

ನನ್ನ ಮರುಕೈ ಚಿತ್ರದುರ್ಗದ ಓಬಳೇಶ. ಅವನ ತೊಟ್ಟಿಯ ಚಿಪ್ಪುಗಳು ಮನಸ್ಸು ಬಂದಾಗ ತೆರೆದು, ಬೇಡವೆನಿಸಿದಾಗ ಮುಚ್ಚಿದವಂತೆ. "ಬಿತ್ತು" ಎಂದು ಒಂದು ಪದ ಕಳಿಸಿದ್ದರೆ ಅವನ ಕೆಲಸ ಮುಗಿಯುತ್ತಿತ್ತು. ಪುಣ್ಯಾತ್ಮ ತಾನೇ ಹೊರಟು ಬಂದ. ನಾನು ಜಗಳಕ್ಕೇ ನಿಂತೆ. ಬಯಲುಸೀಮೆಯವರಿಗೆ ಚಿಪ್ಪು ಸಾಕಲು ಬರುವುದಿಲ್ಲ ಎಂದೂ ಅಂದೆ. ಅವನು ಬೆಳಗಿನ ಉಬ್ಬರದಲ್ಲಿ ತೊಟ್ಟಿಗೆ ನೀರು ಬಿಡುವ ನಲ್ಲಿಗೆ ಬೊಗಸೆಯೊಡ್ಡಿ ಒಂದು ಗುಟುಕು ಕುಡಿದ. ಮಧ್ಯಾಹ್ನ ಇಳಿತವಾದಾಗ ಇನ್ನೊಂದು ಗುಟುಕು. "ನೋಡ್ರಿ ಮೇಡಂ, ಬೆಳಿಗ್ಗೆ ಉಪ್ಪಿತ್ತು, ಈಗ ಸಪ್ಪಗೈತೆ" ಎಂದ. ನಾನೂ ಕುಡಿದೆ. ಸಪ್ಪಗಿತ್ತು. ನಮ್ಮ ಕೊಳವೆ ಅಳಿವೆಯಲ್ಲಿ, ನದಿ ಕಡಲು ಕೂಡುವ ಬಾಯಲ್ಲಿ ಇತ್ತು. ಇಳಿತದಲ್ಲಿ ಅದು ಹೊಳೆಯ ನೀರನ್ನೇ ಎಳೆಯುತ್ತಿತ್ತು. ಚಿಪ್ಪಿಗೆ ಯಾವ ನೆನಪೂ ಇರಲಿಲ್ಲ. ಸಿಹಿನೀರು ಸೇರದೆ ಬಾಯಿ ಮುಚ್ಚುತ್ತಿತ್ತು, ಅಷ್ಟೆ. ಕೇಂದ್ರದ ಹಿರಿಯರಾದ ರುಕ್ಮಕ್ಕ ತಲೆ ಚಚ್ಚಿಕೊಂಡು, "ನಾಲ್ಕು ವರ್ಷ ಚಿಪ್ಪು ನೋಡಿದೆ, ನಲ್ಲಿ ನೋಡಲಿಲ್ವೇನೇ ಮಾರಾಯ್ತಿ!" ಎಂದರು.

ಶೋಧ ಬಿದ್ದರೆ ನಮ್ಮಲ್ಲಿ ಬಿದ್ದೂಟ ಹಾಕುತ್ತಾರೆ. ಎಲ್ಲರೂ ಎಲೆ ಹಾಕಿ ಕೂತು, ತಂತಮ್ಮ ಅತಿ ದೊಡ್ಡ ಪೆದ್ದುತನವನ್ನು ಹೇಳದೆ ಪಾಯಸ ಮುಟ್ಟುವಂತಿಲ್ಲ. ರುಕ್ಮಕ್ಕ ನಿಮ್ಮ ಕಾಲದ ಪ್ಲಾಸ್ಟಿಕ್ ಚೂರೊಂದನ್ನು ಹವಳವೆಂದು ತಿಳಿದು, ಮಳೆಗಾಲವಿಡೀ ಅದರ ಬೆಳವಣಿಗೆ ಅಳೆದಿದ್ದರಂತೆ. ಬೆಳೆದಿತ್ತಂತೆ ಕೂಡ! ಅಳುತ್ತಿದ್ದವಳು ಪಾಯಸ ನೆತ್ತಿಗೇರುವ ಹಾಗೆ ನಕ್ಕೆ. ಪಕ್ಕದ ಎಲೆಯಲ್ಲಿದ್ದ ಓಬಳೇಶ ನೀರಿನ ಲೋಟ ಕೊಟ್ಟ. ಮುಂದಿನದನ್ನು ಹೇಳಬೇಕೇ?

ಆದರೂ ಒಂದು ಮುಳ್ಳು ಉಳಿದಿದೆ. ಶೋಧ ಬಿದ್ದವರು ಮರುಕೈ ಆಗಬಹುದು, ಇಲ್ಲವೇ ಮೊದಲಿನಿಂದ ಶುರುಮಾಡಬಹುದು. ಗಂಡಹೆಂಡಿರಿಬ್ಬರೂ ಮರುಕೈಗಳಾಗಿ ನೆಮ್ಮದಿಯಾಗಿರಿ ಎಂದು ಎಲ್ಲರ ಬುದ್ಧಿವಾದ. ನಾನು ಶುರುಮಾಡುತ್ತೇನೆ ಎಂದಿದ್ದೇನೆ, ಈ ಕಲ್ಲುಕೋಟೆಯ ಊರಿನಲ್ಲೇ. ಅದಕ್ಕೆ ಮುಂಚೆ, ನನ್ನ ಸೋಲನ್ನು ಅಳಿಸಬೇಡಿ, ಹಾಗೇ ಇಡಿ ಎಂದು ಮಹಾಸ್ಮೃತಿಯವರನ್ನು ಬೇಡಿಕೊಂಡೆ. ಇಲ್ಲದಿದ್ದರೆ ನಾಳೆ ಇನ್ನೊಂದು ಅಳಿವೆಯಲ್ಲಿ ಇನ್ನೊಬ್ಬಳು ಇದೇ ನಲ್ಲಿಯನ್ನು ನಂಬುತ್ತಾಳೆ. ಇವತ್ತು ಉತ್ತರ ಬಂತು: ಆಗುವುದಿಲ್ಲ. ಗೆದ್ದದ್ದನ್ನು ಮಾತ್ರ ಉಳಿಸುವುದು ಪೂರ್ವಿಕರ ಪದ್ಧತಿಯಂತೆ. ಪೂರ್ವಿಕರೆಂದರೆ ನೀವು.

ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ. ಕೆಟ್ಟುಹೋದ ಪ್ರಯೋಗವನ್ನು ಬುಟ್ಟಿಗೆಸೆದು ಮನೆಗೆ ಹೋಗಬೇಡಿ. ಹೀಗೆ ಮಾಡಿದೆವು, ಆಗಲಿಲ್ಲ, ಬಹುಶಃ ಇದರಿಂದ, ಎಂದು ನಿಮ್ಮ ಹೆಸರು ಹಾಕಿ ಎಲ್ಲರಿಗೂ ಕಾಣುವಲ್ಲಿ ಇಟ್ಟುಹೋಗಿ. ಇಲ್ಲಿ ಯಾರದೋ ನಾಲ್ಕು ವರ್ಷ ಉಳಿಯುತ್ತದೆ. ಇಷ್ಟು ಬರೆದು ಓಬಳೇಶನಿಗೆ ಓದಿ ಹೇಳಿದೆ. ಅವನು, "ಅವರು ನಿನ್ನ ಮಾತು ಕೇಳಿ ಅಳಿವೆ ನೀರಿಂದೂ ಬರೆದಿಟ್ರೆ, ನಾನು ಕಾರವಾರಕ್ಕೆ ಯಾತಕ್ಕೆ ಬರ್ತಿದ್ದೆ?" ಎಂದ. ಹಾಗಾದರೆ ಬಿದ್ದೂಟವಿಲ್ಲ, ನೀರಿನ ಲೋಟವಿಲ್ಲ, ಮದುವೆಯೂ ಇಲ್ಲ!

ಆದ್ದರಿಂದ ಪ್ರೀತಿಯ ಅಜ್ಜಿಯಂದಿರೇ, ಅಜ್ಜಂದಿರೇ, ಎಲ್ಲವನ್ನೂ ಬರೆದಿಡಿ. ಚಿಪ್ಪಿನ ವಿಷಯ ಒಂದನ್ನು ಮಾತ್ರ, ದಯವಿಟ್ಟು, ಮರೆತುಬಿಡಿ.

ನಿಮ್ಮ,
ಶಾಂಭವಿ