ಯಾವ ನಾಯಿಗೂ ಗೊತ್ತಿಲ್ಲದ ಸಿಳ್ಳೆ

ಸೌತ್‌ಲ್ಯಾಂಡ್, ನ್ಯೂಜಿಲೆಂಡ್
ಅಕ್ಟೋಬರ್ ೧೯, ಭಾನುವಾರ

ಫಿನ್ಲೇ,

ಮೊದಲು 'ಪ್ರಿಯ' ಎಂದು ಬರೆದೆ. ಮೈಯೆಲ್ಲ ಉರಿಯುತ್ತಿರುವಾಗ ಅದು ನನಗೇ ಸುಳ್ಳೆನಿಸಿ ಹೊಡೆದುಹಾಕಿದೆ. ಹೊಡೆದ ಗುರುತು ಕಾಣಿಸುತ್ತಿದ್ದರೆ ಕಾಣಿಸಲಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಸರಿ ಸರಿ, ಶಿಫ್ಟಿಗೆ ಹೊತ್ತಾಯ್ತು' ಎಂದು ಇಟ್ಟುಬಿಡುತ್ತೀಯ. ಕಾಗದದ ಮುಂದೆ ನಿನ್ನ 'ಸರಿ ಸರಿ' ನಡೆಯುವುದಿಲ್ಲ.

ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನಿನಗೆ ಬೇರೆ ಥರ ಅನಿಸಬಹುದು. ಲಾಕಿಯ ಮುಂದಿನ ಹಲ್ಲು ಹೋಗಿದೆ. ಹಾಲುಹಲ್ಲು, ಹೇಗೂ ಅಲ್ಲಾಡುತ್ತಿತ್ತು.

ನೀನು ನಿನ್ನ ಅಪ್ಪನ ಜೊತೆ ಜಗಳವಾಡಿ, ನನ್ನ ಜೊತೆ ಜಗಳವನ್ನೂ ಪೂರ್ತಿ ಮಾಡದೆ, ಆಸ್ಟ್ರೇಲಿಯಾದ ಗಣಿಗೆ ಹೊರಟುಹೋದೆ. ಅದರ ಲೆಕ್ಕ ಇನ್ನೊಂದು ದಿನ ಮಾಡೋಣ. ಈಗ ನನ್ನ ತಲೆ ತಿನ್ನುತ್ತಿರುವುದು ನೀನು ಮಕ್ಕಳಿಗೆಂದು ಲಾರಿಯಲ್ಲಿ ಕಳಿಸಿದ ಆ ನಾಲ್ಕು ಚಕ್ರದ ಎರಡು ಬೈಕುಗಳು. ಒಂದು ಕೆಂಪು, ಒಂದು ಹಸಿರು. ನನ್ನನ್ನು ಒಂದು ಮಾತು ಕೇಳಿದೆಯಾ? ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಹೋಗಲಿ, ಬೈಕನ್ನಾದರೂ ಸಹಿಸಿಕೊಳ್ಳಬಹುದು. ಅದರ ಜೊತೆ ಕಳಿಸಿದ ಕಾರ್ಡಿನಲ್ಲಿ ನೀನು ಬರೆದದ್ದನ್ನು ಹೇಗೆ ಸಹಿಸಲಿ? 'ಕುರಿಮರಿಗಳ ಬಾಲ ಕತ್ತರಿಸುವ ದಿನ ನೀವಿಬ್ಬರೂ ನಿಮ್ಮ ಬೈಕಿನಲ್ಲೇ ದೊಡ್ಡಿಗೆ ಬಂದರೆ ನಾನೂ ಬರುತ್ತೇನೆ.' ಎಂಟು ವರ್ಷದವಳಿಗೆ, ಆರು ವರ್ಷದವನಿಗೆ ಷರತ್ತು ಹಾಕಿದ್ದೀಯಲ್ಲ, ನಿನಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಆ ದಿನ ಏನು ಅಂತ ನಿನಗೆ ಗೊತ್ತು. ತಾವೇ ಓಡಿಸಿಕೊಂಡು ಬಂದ ಮಕ್ಕಳಿಗೆ ಮರಿ ಎತ್ತಿ ಹಿಡಿದುಕೊಡುವ ಕೆಲಸ, ದೊಡ್ಡವರ ಮಡಿಲಲ್ಲಿ ಕೂತು ಬಂದವರಿಗೆ ಬಿಸ್ಕತ್ತು ಹಂಚುವ ಕೆಲಸ. ಹೋದ ವರ್ಷ ಐಲ್ಸಾ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ಅತ್ತದ್ದು ನೀನೇ ನೋಡಿದ್ದೀಯ. ಆದರೆ ಈ ವರ್ಷ ಅವಳಿಗೆ ಮರಿಯೂ ಬೇಡ, ಬಿಸ್ಕತ್ತೂ ಬೇಡ. ಬೆಳಗ್ಗೆ ಎದ್ದ ಕೂಡಲೇ ತಮ್ಮನನ್ನು ಅಲುಗಾಡಿಸಿ ಎಬ್ಬಿಸುತ್ತಾಳೆ. 'ಏಳೋ, ಏಳೋ. ನೀನು ಕಲೀದಿದ್ರೆ ಅಪ್ಪ ಬರಲ್ಲ' ಎನ್ನುತ್ತಾಳೆ. ಅವನು ಕಣ್ಣು ಬಿಡುವ ಮೊದಲೇ ಹೆಲ್ಮೆಟ್ಟಿಗೆ ಕೈ ಚಾಚುತ್ತಾನೆ.

ಕಲಿಸುವುದು ನನ್ನ ತಲೆಗೆ ಬಂತು. ನಾನು ಕುದುರೆ ಹತ್ತಿ ಬೆಳೆದವಳು, ನಾಲ್ಕು ಚಕ್ರ ಅಂದರೆ ಬುದ್ಧಿಯಿಲ್ಲದ ಕುದುರೆ ಅಂದುಕೊಂಡಿದ್ದೆ. ಕುದುರೆಗಾದರೆ ಹಳ್ಳ ಕಂಡರೆ ನಿಲ್ಲಬೇಕೆನ್ನುವುದಾದರೂ ಗೊತ್ತು. ಇದಕ್ಕೆ ಬಲಗೈ ಹೆಬ್ಬೆರಳಿನ ಕೆಳಗೆ ಆಕ್ಸಿಲರೇಟರ್. ಮಗು ಹೆದರಿದರೆ ಏನು ಮಾಡುತ್ತದೆ? ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಟ್ಟಿಯಾಗಿ ಹಿಡಿದರೆ ಹೆಬ್ಬೆರಳು ಒತ್ತುತ್ತದೆ, ಒತ್ತಿದರೆ ಗಾಡಿ ಇನ್ನೂ ಜೋರಾಗಿ ಹೋಗುತ್ತದೆ, ಮಗು ಇನ್ನೂ ಹೆದರುತ್ತದೆ. ಇಂಥದ್ದನ್ನು ಕಂಡುಹಿಡಿದವನು ಯಾವತ್ತೂ ಮಕ್ಕಳನ್ನು ಹತ್ತಿರದಿಂದ ನೋಡಿರಲಾರ. ಐಲ್ಸಾ ಹಾಗೆ ಹೆದರಿ ಬೇಲಿಯ ಕಡೆಗೆ ನುಗ್ಗುತ್ತಿದ್ದಾಗ ನಾನು 'ಕೈ ಬಿಡೇ!' ಎಂದು ಕಿರುಚಿದೆ. ಅವಳು ಎರಡೂ ಕೈ ಬಿಟ್ಟು ಗಾಳಿಯಲ್ಲಿ ಎತ್ತಿದಳು. ಗಾಡಿಯೇನೋ ನಿಂತಿತು. ನನ್ನ ಎದೆ ಮಾತ್ರ ಮಧ್ಯಾಹ್ನದವರೆಗೂ ಹೊಡೆದುಕೊಳ್ಳುತ್ತಿತ್ತು.

ಬೈಕುಗಳಿಗೆ ಹಿಂದೆ ಒಂದೊಂದು ಕೆಂಪು ಹಗ್ಗ ಬಂದಿತ್ತು. ದೊಡ್ಡವರು ಅದನ್ನು ಹಿಡಿದುಕೊಂಡು ಹಿಂದೆ ನಡೆಯಬೇಕು, ಎಳೆದರೆ ಎಂಜಿನ್ ಆರುತ್ತದೆ. ಇಡೀ ಗಾಡಿಯಲ್ಲಿ ನನಗೆ ಇಷ್ಟವಾದ ಭಾಗ ಅದೊಂದೇ. ಮಾರನೆಯ ದಿನ ನೋಡಿದರೆ ಎರಡೂ ಹಗ್ಗ ಇಲ್ಲ. ನಿನ್ನ ಅಪ್ಪ ಒಂದರಲ್ಲಿ ಹೊಸ ನಾಯಿಮರಿಯನ್ನು, ಇನ್ನೊಂದರಲ್ಲಿ ಹಿತ್ತಲಿನ ಗೇಟನ್ನು ಕಟ್ಟಿದ್ದರು. 'ಒಳ್ಳೇ ಹಗ್ಗ ಕಣಮ್ಮ, ಅಲ್ಲಿ ಸುಮ್ನೆ ನೇತಾಡ್ತಿತ್ತು' ಎಂದರು. ಬಿಚ್ಚಿಕೊಂಡು ಬಂದೆ. ಅಷ್ಟರಲ್ಲಿ ನಾಯಿಮರಿ ಒಂದರ ತುದಿಯನ್ನು ಅಗಿದು ನಾರು ಮಾಡಿತ್ತು, ಇನ್ನೊಂದರ ತುದಿಯಲ್ಲಿ ಬೈಕಿಗೆ ಸಿಕ್ಕಿಸುವ ಗುಂಡಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ.

ಆಮೇಲೆ ಅವರೇ ಕಲಿಸಲು ಬಂದರು. ನಾನು ಕರೆಯಲಿಲ್ಲ. ಗೇಟಿಗೆ ಒರಗಿ ಒಂದಷ್ಟು ಹೊತ್ತು ನನ್ನ ಕಿರುಚಾಟ ನೋಡಿದರು. 'ಈ ಗಾಳೀಲಿ ಮಾತು ಯಾರಿಗಮ್ಮ ಕೇಳತ್ತೆ? ಗಂಟಲು ಹರ್ಕೋಬೇಡ' ಎಂದವರೇ ಜೇಬಿನಿಂದ ಆ ತಗಡಿನ ಸೀಟಿ ತೆಗೆದು ಬಾಯಿಗೆ ಇಟ್ಟುಕೊಂಡರು. ಉದ್ದ ಒಂದು ಸಿಳ್ಳೆ ಎಂದರೆ ನಿಲ್ಲು. ಏರಿ ಇಳಿದರೆ ಎಡಕ್ಕೆ, ಇಳಿದು ಏರಿದರೆ ಬಲಕ್ಕೆ, ಎರಡು ಚುಟುಕು ಎಂದರೆ ಮುಂದೆ ನಡಿ. ನಾಯಿಗಳಿಗೆ ಹೇಳಿಕೊಡುವುದನ್ನೇ ಹೇಳಿಕೊಟ್ಟರು, ಒಂದು ಸ್ವರವೂ ಬದಲಿಲ್ಲ.

'ಮಕ್ಕಳೇನು ನಾಯಿಗಳಾ ಮಾವ?' ಎಂದೆ.

'ನಾಯಿಗಳಾಗಿದ್ರೆ ಇಷ್ಟೊತ್ತಿಗೆ ಕಲ್ತಿರೋವು' ಎಂದರು.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಅದು ಕೆಲಸ ಮಾಡದೇ ಹೋಗಲಿ ಎಂದು ಬೇಡಿಕೊಂಡೆ. ಆದರೆ ಕೆಲಸ ಮಾಡಿತು. ಹೆಲ್ಮೆಟ್ಟು, ಎಂಜಿನ್ನು, ಪಶ್ಚಿಮದ ಗಾಳಿ ಎಲ್ಲವನ್ನೂ ಸೀಳಿಕೊಂಡು ಆ ಸಿಳ್ಳೆ ಮಕ್ಕಳ ಕಿವಿಗೆ ಮುಟ್ಟುತ್ತಿತ್ತು. ಹಳೆ ಟೈರುಗಳ ಸುತ್ತ ಇಬ್ಬರೂ ದಾರಕ್ಕೆ ಪೋಣಿಸಿದಂತೆ ತಿರುಗಿದರು. ಏರಿನ ಕಡೆಗೆ ಮೈ ವಾಲಿಸುವುದನ್ನು ಕಲಿತರು, ನಿಲ್ಲುವಾಗ ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸುವುದನ್ನು ಕಲಿತರು. ನಿನ್ನ ಅಪ್ಪ ಯಾರನ್ನೂ ಹೊಗಳುವವರಲ್ಲ, ಹೊಗಳಿದರೆ ನಾಯಿಯನ್ನು ಮಾತ್ರ. ಅವತ್ತು ಲಾಕಿಯ ಹೆಲ್ಮೆಟ್ಟನ್ನು ತಟ್ಟಿ 'ಒಳ್ಳೇ ಹುಡುಗ' ಎಂದರು. ತಮ್ಮ ಕುರಿನಾಯಿ ಟಿಪ್‌ಗೆ ಹೇಳುತ್ತಿದ್ದ ದನಿಯಲ್ಲೇ.

ಈಗ ಟಿಪ್ ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ನಿನ್ನ ಅಪ್ಪ ಅದನ್ನು ಪಕ್ಕದ ನೆವಿಲ್‌ಗೆ ಮಾರಿದರು. ನಾಯಿ ಹೋದರೆ ಅದರ ಸಿಳ್ಳೆಗಳೂ ಜೊತೆಗೆ ಹೋಗಬೇಕಲ್ಲ. ನೆವಿಲ್‌ನ ಅಡುಗೆಮನೆಯಲ್ಲಿ ಇವರು ಕೂತು ಚೀಸ್ ರೋಲು ತಿನ್ನುತ್ತ, ಅವನಿಗೆ ಒಂದೊಂದೇ ಸಿಳ್ಳೆ ಹೇಳಿಕೊಟ್ಟು, ಸರಿಯಾಗಿ ಬರುವವರೆಗೂ ಬಿಡದೆ ಬಂದಿದ್ದರು. ಇದು ನಮ್ಮೆಲ್ಲರಿಗೂ ಗೊತ್ತಿದ್ದದ್ದೇ. ಆದರೂ ನಮ್ಮಲ್ಲಿ ಒಬ್ಬರಿಗಾದರೂ ಅದು ಹೊಳೆಯಬಾರದೇ?

ಹೋದ ಭಾನುವಾರ ಮಕ್ಕಳು ಕೆಳಗಿನ ಹುಲ್ಲುಗಾವಲಿನಲ್ಲಿ ಸುತ್ತುತ್ತಿದ್ದರು. ನೆವಿಲ್ ಬೇಲಿಯಾಚೆಯ ಗುಡ್ಡದಲ್ಲಿ ಟಿಪ್ ಕಟ್ಟಿಕೊಂಡು ಕುರಿ ಇಳಿಸುತ್ತಿದ್ದ. ಅವನು ಟಿಪ್‌ಗೆ ಬಲಕ್ಕೆ ಹೋಗೆಂದು ಸಿಳ್ಳೆ ಹಾಕಿದ. ಲಾಕಿ ಬಲಕ್ಕೆ ತಿರುಗಿದ, ತೆರೆದಿದ್ದ ಗೇಟು ದಾಟಿ ನೇರವಾಗಿ ಹಳ್ಳದ ಇಳಿಜಾರಿಗೆ. ಐಲ್ಸಾಳ ಎಂಜಿನ್ ಪುಣ್ಯಕ್ಕೆ ಆಗತಾನೆ ಆರಿತ್ತು. ಮಾವ ಉದ್ದದ ಸಿಳ್ಳೆ ಹಾಕಿದರು. ಲಾಕಿ ಗಕ್ಕನೆ ನಿಂತ. ಗುಡ್ಡದ ಮೇಲೆ ಟಿಪ್ ಕೂಡ ನಿಂತು ಮಲಗಿಬಿಟ್ಟಿತು. ನೆವಿಲ್‌ಗೆ ಸಿಟ್ಟು ಬಂದು ಮುಂದೆ ನಡಿ ಎಂದು ಸಿಳ್ಳೆ ಹೊಡೆದ. ನಾಯಿ ಎದ್ದಿತು, ನನ್ನ ಮಗನೂ ಹೊರಟ. ಮಾವ ಮತ್ತೆ ನಿಲ್ಲಿಸಿದರು, ನೆವಿಲ್ ಮತ್ತೆ ಹೊರಡಿಸಿದ. ಆ ಕಡೆ ಒಬ್ಬ ಮುದುಕ, ಈ ಕಡೆ ಒಬ್ಬ ಮುದುಕ, ಹಠಕ್ಕೆ ಬಿದ್ದವರಂತೆ ಸಿಳ್ಳೆ. ನೆವಿಲ್‌ಗೆ ಹುಡುಗ ಕಾಣಿಸುತ್ತಿರಲಿಲ್ಲ. ನಾನು ಲಾಕಿಯ ಹೆಸರು ಕೂಗಿಕೊಂಡು ಓಡುತ್ತಿದ್ದೆ, ಗಮ್‌ಬೂಟು ಒಂದು ಕಡೆ, ನಾನು ಒಂದು ಕಡೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು?

ಕೊನೆಗೆ ಗಾಡಿ ಹಳ್ಳಕ್ಕೆ ಇಳಿಯಿತು. ಮಗುಚಲಿಲ್ಲ, ದೇವರು ದೊಡ್ಡವನು. ಸೀಟಿನವರೆಗೂ ನೀರು, ಎಂಜಿನ್ ಆರಿಹೋಗಿದೆ, ಹ್ಯಾಂಡಲಿಗೆ ಬಾಯಿ ಬಡಿದು ರಕ್ತ ಸುರಿಯುತ್ತಿದೆ. ಅವನು ಮಾತ್ರ ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಮುಂದಿನ ಸಿಳ್ಳೆಗೆ ಕಾಯುತ್ತ ಕೂತಿದ್ದ. ನಾನು ನೀರಿಗಿಳಿದು ಎತ್ತಿಕೊಂಡೆ. ಆಗ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

'ಅಮ್ಮಾ, ನಾನು ಒಂದೂ ತಪ್ಪು ಮಾಡ್ಲಿಲ್ಲ. ಎಲ್ಲಾ ಸಿಳ್ಳೇನೂ ಕೇಳಿಸ್ಕೊಂಡೆ. ಅಪ್ಪ ಬರ್ತಾನಲ್ವಾ?'

ಫಿನ್ಲೇ, ಅವತ್ತು ನೀನು ನನ್ನ ಕೈಗೆ ಸಿಗಲಿಲ್ಲವಲ್ಲ, ಅದು ನಿನ್ನ ಅದೃಷ್ಟ.

ಆ ರಾತ್ರಿ ಬೈಕು ಎರಡನ್ನೂ ಶೆಡ್ಡಿಗೆ ಹಾಕಿ ಬೀಗ ಜಡಿದೆ. ಐಲ್ಸಾ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. 'ಹಾಗಾದ್ರೆ ಅಪ್ಪಂಗೆ ನೀನೇ ಹೇಳು' ಎಂದಳು, ಅಷ್ಟೇ. ಮಾವ ಊಟಕ್ಕೆ ಬಂದು ಕುರಿಮಾಂಸ ಮುಟ್ಟಲಿಲ್ಲ, ತಟ್ಟೆಯನ್ನೇ ನೋಡುತ್ತ ಕೂತರು. ಬೈಯೋಣ ಎಂದು ಬಾಯಿ ತುಂಬ ಮಾತು ಇಟ್ಟುಕೊಂಡಿದ್ದೆ. ಆ ಮುಖ ನೋಡಿ ಆಗಲಿಲ್ಲ. ಹೀಗೆ ನನ್ನ ಸಿಟ್ಟೆಲ್ಲ ನನ್ನಲ್ಲೇ ಉಳಿದುಹೋಗಿದೆ, ಅದನ್ನೇ ಈಗ ನಿನಗೆ ಕಳಿಸುತ್ತಿರುವುದು.

ಬುಧವಾರ ಬೀಗ ತೆಗೆದೆ. ತೆಗೆಯದೆ ಏನು ಮಾಡಲಿ? ನಾನು ಕಲಿಸದಿದ್ದರೆ ಅವರೇ ಕದ್ದು ಕಲಿಯುತ್ತಾರೆ, ನಿನ್ನ ಮಕ್ಕಳಲ್ಲವೇ. ಈಗ ಎರಡಕ್ಕೂ ಹೊಸ ಹಗ್ಗ ಬಂದಿದೆ. ಒಬ್ಬರಾದ ಮೇಲೆ ಒಬ್ಬರು, ಒಂದು ಹಗ್ಗದ ತುದಿಯಲ್ಲಿ ನಾನು. ವೇಗ ತಡೆಯುವ ತಿರುಪನ್ನು ಎಷ್ಟು ಬಿಗಿ ಮಾಡಿದ್ದೇನೆಂದರೆ ಕೋಳಿಗಳು ನಮ್ಮನ್ನು ದಾಟಿಕೊಂಡು ಹೋಗುತ್ತವೆ. ಎಡ ಬಲದ ಸಿಳ್ಳೆಗಳೆಲ್ಲ ಬಂದ್. ಆದರೆ ನಿಲ್ಲು ಎನ್ನಲು ಒಂದು ಸದ್ದು ಬೇಕೇ ಬೇಕು, ಹಗ್ಗ ಕೈ ಜಾರಿದರೆ? ಬೇರೆ ಯಾವ ಸಿಳ್ಳೆ ಹಾಕೋಣ ಎಂದರೆ ಮಾವ ಹೇಳುತ್ತಾರೆ, 'ಈ ಕಣಿವೇಲಿ ನಾನು ಸಾಕದ ನಾಯಿ ಎಲ್ಲಿದೆ? ನನ್ನ ಸಿಳ್ಳೆ ಎಲ್ಲಾ ಮನೇಲೂ ಇದೆ.' ಹೇಳುವಾಗ ಆ ಮುಖದಲ್ಲಿ ಹೆಮ್ಮೆ ಬೇರೆ! ಕೊನೆಗೆ ನಾನೇ ಒಂದು ಸಿಳ್ಳೆ ಹುಡುಕಿದೆ. ಅದರ ವಿಷಯ ಬಿಡು. ಮಕ್ಕಳು ಅದಕ್ಕೆ ಚೆನ್ನಾಗಿ ನಿಲ್ಲುತ್ತಾರೆ.

ನಾನು ಕೇಳುವುದು ಇಷ್ಟೇ. ನವೆಂಬರಿನ ಮೊದಲ ಶನಿವಾರ ಬಾಲ ಕತ್ತರಿಸುವ ದಿನ. ಅವರಿಬ್ಬರೂ ಅವತ್ತು ಒಬ್ಬರಾದ ಮೇಲೆ ಒಬ್ಬರು ತಮ್ಮ ಬೈಕಿನಲ್ಲೇ ದೊಡ್ಡಿಗೆ ಬರುತ್ತಾರೆ, ಕೋಳಿಯ ವೇಗದಲ್ಲಿ, ನಾನು ಹಿಂದೆ ಹಗ್ಗ ಹಿಡಿದು. ಅವರ ಮಾತು ಅವರು ಉಳಿಸಿಕೊಳ್ಳುತ್ತಾರೆ, ಅದಕ್ಕೆ ನಾನು ಜವಾಬ್ದಾರಿ. ನಿನ್ನ ಮಾತಿಗೆ ನಾನು ಜವಾಬ್ದಾರಿಯಲ್ಲ. ಬರುವುದಾದರೆ ಟಿಕೆಟ್ ತೆಗೆಸು. ಬರದಿದ್ದರೆ ಇವತ್ತೇ ಅವರಿಗೆ ನೀನೇ ಬರೆ, 'ನೀವು ಕಲಿತದ್ದಕ್ಕೂ ನಾನು ಬರದೇ ಇರುವುದಕ್ಕೂ ಸಂಬಂಧವಿಲ್ಲ' ಎಂದು. ನಾನು ಹೇಳುವುದಿಲ್ಲ. ಹಲ್ಲಿಲ್ಲದ ಆ ಬಾಯಿಗೆ ನಾನು ಹೇಳಲಾರೆ.

ಬಂದರೆ ಮಲಗಲು ಜಾಗವೇನೋ ಇದೆ. ಹಾಸಿಗೆ ಬಿಸಿಲಿಗೆ ಹಾಕಿದ್ದು ಬೇರೆ ಕಾರಣಕ್ಕೆ.

ಇತಿ, ಗಂಟಲು ಕಟ್ಟಿಕೊಂಡಿರುವ,
ರೋನಾ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಆ ಸಿಳ್ಳೆ ಯಾವುದೆಂದು ಹೇಳದಿದ್ದರೆ ಮಕ್ಕಳು ಹೇಗೂ ಹೇಳುತ್ತಾರೆ. ನಾಯಿಗಳ ತಲೆ ಕೆಡುತ್ತದೆಂದು ನಿನ್ನ ಅಪ್ಪ ನಿನಗೆ ಮನೆಯ ಹತ್ತಿರ ಸಿಳ್ಳೆ ಹಾಕಬೇಡವೆಂದಿದ್ದರು. ಅದಕ್ಕೆ ನೀನು ಯಾವ ನಾಯಿಯೂ ಕಿವಿಗೊಡದ ಒಂದನ್ನು ಮಾಡಿಕೊಂಡಿದ್ದೆ. ಸಂಜೆ ಗೇಟಿನ ಹತ್ತಿರ ಬಂದು, ಟೀಗೆ ನೀರಿಡಲಿ ಎಂದು ಹಾಕುತ್ತಿದ್ದೆಯಲ್ಲ, ಅದೇ. ಗುರುವಾರ ಮೊದಲ ಸಲ ಅದನ್ನು ಹಾಕಿದೆ. ಬೈಕು ಗಕ್ಕನೆ ನಿಂತಿತು. ಆದರೆ ಓಡಿಸುತ್ತಿದ್ದ ಲಾಕಿ ನನ್ನ ಕಡೆ ನೋಡಲಿಲ್ಲ, ಬೇಲಿಯ ಹತ್ತಿರ ಕೂತಿದ್ದ ಐಲ್ಸಾಳೂ ನೋಡಲಿಲ್ಲ. ಇಬ್ಬರೂ ಗೇಟಿನ ಕಡೆ ತಿರುಗಿದರು. ಮಾವನೂ ತಿರುಗಿದರು. ಆಮೇಲೆ, 'ಬೇರೆ ಯಾವ್ದೂ ಸಿಗ್ಲಿಲ್ವೇನಮ್ಮ ನಿಂಗೆ?' ಎಂದು ಕನ್ನಡಕ ಒರೆಸಿಕೊಂಡು ಶೆಡ್ಡಿಗೆ ಹೋಗಿಬಿಟ್ಟರು. ಸಿಳ್ಳೆ ಹಾಕಿದವಳು ನಾನೇ. ಗೇಟಿನಲ್ಲಿ ಯಾರೂ ಇರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ನೋಡಿದೆ.