ಜಾಗ ಬುಡಿ

ಜೂನ್ 9, ಭಾನುವಾರ

ಇವತ್ತೂ ಬರಿಗೈ. ಸಣ್ಣಮ್ಮಜ್ಜಿ ಸೋಬಾನೆ ಹಾಡಿದಳು, ಕಳೆ ಕೀಳುವ ಹಾಡು ಹಾಡಿದಳು. ಫೋನ್ ತುಂಬ ರೆಕಾರ್ಡಿಂಗ್. ನನಗೆ ಬೇಕಾದದ್ದಕ್ಕೆ ಮಾತ್ರ ಬಾಯಿ ಬಿಡುತ್ತಿಲ್ಲ — ಸಾವಿನ ಹಾಡು.

ನಮ್ಮ ತಿಗನಾರೆಯಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಅವಳೇ ಹಾಡಬೇಕು. ಹೊಲ ಇರುವವರ ಮನೆಯಲ್ಲೂ, ಕೂಲಿಯವರ ಮನೆಯಲ್ಲೂ. ಊರು ಕಾಡೊಳಗಿದ್ದ ಕಾಲದಿಂದ ಸತ್ತವರೆಲ್ಲ ಅದರಲ್ಲಿ ಸಾಲಾಗಿ ಬರುತ್ತಾರೆ. ಆನೆ ಕಾಲಿಗೆ ಸಿಕ್ಕವರು, ಹೆರಿಗೆಯಲ್ಲಿ ಹೋದವರು, ದಿಂಬಂ ಘಾಟಿಯ ರಸ್ತೆ ಕಡಿಯುವಾಗ ಉರುಳಿದವರು. ಕೊನೆಗೆ ಹೊಸ ಹೆಣದ ಹೆಸರು. ನಮ್ಮೂರಿನ ಚರಿತ್ರೆ ಅಂತ ಇರುವುದು ಅದೊಂದೇ. ಅವಳು ಹೋದರೆ ಅದೂ ಹೋಯಿತು.

"ಸತ್ತೋರಿಲ್ದೆ ಆಡುದ್ರೆ ಕೊನೆಗೆ ಯಾರ್ ಎಸ್ರ ಆಕ್ಲವ್ವ? ಬಾಯ್ ತಗುದ್ಮೇಲೆ ಆಡು ಎಸ್ರ ಕೇಳ್ತದೆ" ಅಂದಳು. ನಗುತ್ತಲೇ. ಆಮೇಲೆ ಕೆಮ್ಮು... ಆ ಕೆಮ್ಮು ನನಗೆ ಸರಿ ಕಾಣಲಿಲ್ಲ.

ಜೂನ್ 16

ಮನೆಯಲ್ಲಿ ನಮ್ಮಜ್ಜಿಗೆ ಹೇಳಿದ್ದೇ ತಪ್ಪಾಯಿತು. "ಇಸ್ಕೂಲಲ್ಲಿ ಮಕ್ಳಿಗೆ ಪಾಟ ಏಳ್ಕೊಡು ಸಾಕು. ಸಾವ್ನ ಆಡ ಫೋನಲ್ಲಿ ಇಟ್ಕಂಡು ಮನ್ಗೆ ಬರ್ಬ್ಯಾಡ ಕಣಮ್ಮಿ."

ತಾನು ಸತ್ತಾಗ ಮಾತ್ರ ಹಾಡು ಬೇಕು. ನಮ್ಮಜ್ಜಿ!

ಜೂನ್ 30, ಸಂಜೆ

ಹಾಡಿಬಿಟ್ಟಳು!

ಅವಳ ಜಗಲಿ ಮೇಲೆ ಹಟ ಹಿಡಿದು ಕೂತಿದ್ದೆ. ಕಾಟ ತಾಳಲಾರದೆ ಶುರು ಮಾಡಿದಳು. ಅಂಗೈ ನೆಲಕ್ಕೆ ತಟ್ಟಿ ತಾಳ. ಹೆಸರಿಗೊಂದು ಪೆಟ್ಟು. ದೊಡ್ಡಮಾದ, ರಾಚ, ಶಾಂತಮಲ್ಲಮ್ಮ... ನಮ್ಮ ಮುತ್ತಾತನೂ ಬಂದ, ತನ್ನ ಮನೆಯಲ್ಲೇ ಜೀತಕ್ಕಿದ್ದವನ ಪಕ್ಕದಲ್ಲಿ. ಅಳು ಬಂತು. ತಡೆಯಲಿಲ್ಲ.

ಕೊನೆಗೆ — "ಮುಂದೋದೋರೇ ಜಾಗ ಬುಡಿ, ಬತ್ತಾವ್ಳೆ" — ಅಂಗೈ ಬಿತ್ತು — "ಸಣ್ಣವ್ವಾ..." ಬೇರೆ ಹೆಸರುಗಳಂತಲ್ಲ. ಆ ಕೊನೆಯ ಹೆಸರಿನ ರಾಗವೇ ಬೇರೆ. ಎಲ್ಲಿಗೋ ಎಳೆದುಕೊಂಡು ಹೋಗಿ ಇಳಿಸಿದಳು.

ತನ್ನದೇ ಹೆಸರು. ನಾನು ದಂಗು.

"ಇನ್ಯಾರ್ದ ಆಕ್ಲಿ? ಕಂಡೋರ್ ಮಕ್ಳುದ್ದ ಆಕಕಾದದಾ?" ಅಂತ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಜುಲೈ 2

ಅವಳ ಮಗ ಮಣಿಕಂಠ ತಾಳವಾಡಿಗೇ ಬಂದ. ನನ್ನ ಸ್ಕೂಲ್ ಗೇಟಿನ ಮುಂದೆ, ಎಲ್ಲರೆದುರು.

"ಒಂದ್ಸಲ ಆಡ್ದ ಎಸ್ರ ಇನ್ನೊಂದ್ಸಲ ಆಡಂಗಿಲ್ಲ, ಗೊತ್ತಾ ಟೀಚರಮ್ಮ? ನಾಳೆ ನಮ್ಮವ್ವ ಸತ್ರೆ ಬಾಯ್ ಮುಚ್ಕಂಡು ಊತಾಕ್ಬೇಕಾ? ಬದ್ಕಿರೋಳ್ನ ಸಾಯಿಸ್ಬುಟ್ರಲ್ಲ!"

ಫೋನ್ ತೆಗೆದೆ. ಅವನೆದುರೇ ರೆಕಾರ್ಡಿಂಗಿನಿಂದ ಆ ಹೆಸರಿನ ತುಂಡು ಕತ್ತರಿಸಿದೆ. ಡಿಲೀಟ್. ಹೆಸರು ಹೋಯಿತಾ ಅಂತ ಎರಡು ಸಲ ಕೇಳಿಸಿಕೊಂಡ. "ಈಗ ಆಡಿಲ್ಲ ಅಂತ್ಲೇ ಲೆಕ್ಕ" ಅಂದ. ಸಮಾಧಾನವಾಯಿತು, ಅವನಿಗೂ ನನಗೂ. ಉಳಿದದ್ದೆಲ್ಲ ಇದೆಯಲ್ಲ. ಅವಳಿಗೆ ಹಾಡುವವರು ಬೇಕು, ಅಷ್ಟೇ ತಾನೇ? ನಾನೇ ಕಲಿಯುತ್ತೇನೆ. ಬರುವ ಭಾನುವಾರದಿಂದ.

ಜುಲೈ 21

ಹೋಗಿಲ್ಲ. ಟೆಸ್ಟ್ ಪೇಪರ್, ಮಳೆ, ದಾರಿಯಲ್ಲಿ ಆನೆ. ಕುಣಿಯಲಾರದವಳಿಗೆ ನೆಲ ಡೊಂಕು. ಸಣ್ಣಮ್ಮಜ್ಜಿ ಮಲಗಿದಲ್ಲೇ ಇದ್ದಾಳಂತೆ. ಮುಂದಿನ ವಾರ ಖಂಡಿತ.

ಜುಲೈ 25, ಗುರುವಾರ

ಬೆಳಗಿನ ಜಾವ ಹೋದಳು.

ಅಂಗಳದಲ್ಲಿ ಕೂರಿಸಿದ್ದರು. ಊರೆಲ್ಲ ಬಂದಿತ್ತು. ನಮ್ಮಜ್ಜಿಯೂ, ಸೆರಗು ಬಾಯಿಗೆ ಒತ್ತಿಕೊಂಡು. ಹಾಡುವವರಿಲ್ಲ. ಎಲ್ಲರ ಸಾವಿಗೂ ಹಾಡಿದವಳು, ಅವಳಿಗೇ ಇಲ್ಲ.

ಮಣಿಕಂಠನೇ ಹತ್ತಿರ ಬಂದ. "ಫೋನ್ ತಂದಿದ್ದೀರಾ ಟೀಚರಮ್ಮ? ಆ ಆಡ ಆಕಿ. ಅವ್ಳೇ ಆಡ್ಕಳ್ಳಿ."

ಅವಳ ಕಾಲ ಬಳಿ ಇಟ್ಟೆ. ಅವಳ ದನಿ. ಮಧ್ಯೆ ಅದೇ ಕೆಮ್ಮು. ಜನ ತಲೆ ತಗ್ಗಿಸಿ ನಿಂತರು. ಹೆಸರು, ಹೆಸರು, ಹೆಸರು. ಕೊನೆ ಹತ್ತಿರ ಬಂದಾಗಲೇ ನನಗೆ ನೆನಪಾದದ್ದು. ನಿಲ್ಲಿಸಲೂ ಆಗಲಿಲ್ಲ.

"ಮುಂದೋದೋರೇ ಜಾಗ ಬುಡಿ, ಬತ್ತಾವ್ಳೆ—"

ಅಂಗೈ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಎಲ್ಲರೂ ಕಾದರು. ಮಣಿಕಂಠ ನನ್ನ ಕಡೆ ತಿರುಗಿದ. ಕೋಪ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನೀವು ಕೇಳಿದ್ರಲ್ಲ ಟೀಚರಮ್ಮ... ನೀವೇ ಅನ್ನಿ, ನಮ್ಮವ್ವನ ಎಸ್ರ."

ಬಾಯಿ ತೆಗೆದೆ. ಆ ರಾಗ ಎಲ್ಲಿಗೆ ಎಳೆದಿದ್ದಳು, ಎಲ್ಲಿ ಇಳಿಸಿದ್ದಳು... ನೆನಪಾಗಲಿಲ್ಲ.