ಅಣಬೆಯೊಳಗಿನ ಸಕ್ಕರೆ

ಹಟ್ಟಿಕೇರಿ, ಅಂಕೋಲಾ
೧೮ ಜುಲೈ ೨೦೦೭

ಚಿರಂಜೀವಿ ದೀಕ್ಷಾಳಿಗೆ ಸೋಮು ಮಾಮನ ಆಶೀರ್ವಾದ.

ಅಣಬೆಯ ಕತೆಯನ್ನು ಈ ಮನೆಯಲ್ಲಿ ಮೊದಲು ಹೇಳಿದವಳು ನೀನು, ಹೋದ ವರ್ಷದ ಆಷಾಢದಲ್ಲಿ. ಆ ಕತೆಯ ಸಲುವಾಗಿಯೇ ಈ ಉತ್ತರ ತಡವಾಯಿತು. ಬೇಸರಿಸಬೇಡ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ.

ಹಬ್ಬುವಾಡದ ನಿನ್ನ ಹೊಸ ಬಾಡಿಗೆ ಕೋಣೆ ಸೋರುತ್ತಿಲ್ಲ ತಾನೇ? ಇಲ್ಲಿ ಗದ್ದೆ ನಾಟಿ ಮುಗಿಯಿತು. ಅಜ್ಜಿಯಿಲ್ಲದ ಮೊದಲ ಮಳೆಗಾಲ. ಹಿತ್ತಲ ಹುತ್ತದ ಮೇಲೆ ಅಣಬೆ ಎದ್ದಿವೆ, ಕೀಳಲು ಯಾರಿಗೂ ಮನಸ್ಸಿಲ್ಲ.

ಸದಾಶಿವಗಡದ ಹೆಂಗಸರ ಸಭೆಯಲ್ಲಿ ನಿನ್ನ ಅಣಬೆ ಸಂಶೋಧನೆಯನ್ನು ಹೇಗೆ ವಿವರಿಸಲಿ ಎಂದು ಕಾಗದದಲ್ಲಿ ಕೇಳಿದ್ದೀಯ. ನೀನು ಆ ಕತೆ ಹೇಳಿದ ಸಂಜೆಯ ನಮ್ಮ ಜಗಲಿಯನ್ನು ನೆನಪಿಸಿಕೊ. ಅಜ್ಜಿ ಬಾತ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ನೀನು ಹೇಳಿದೆ: "ಅಜ್ಜೀ, ಅಣಬೆಯೊಳಗೆ ಒಂದು ನಮೂನೆ ಸಕ್ಕರೆ ಅದೆ. ಅದ್ಕೆ ಬಾವು ಇಳಿಸೋ ಗುಣ ಇರ್‍ಬಹುದು. ಗಾಜಿನ ತಟ್ಟೆಯಲ್ಲಿ ಪರೀಕ್ಷೆ ಮಾಡ್ತಾ ಇದ್ದೇವೆ, ಔಷಧ ಅಂತ ಈಗ್ಲೇ ಹೇಳೂಕಾಗ."

ಪಕ್ಕದ ಮನೆಯ ಮಾಸ್ತಿ ಸುಮ್ಮನಿರುವವನೇ? "ಹಂಗಾರೆ ನಾಳೆಯಿಂದ ಚಾಕ್ಕೆ ಅಣಬೆ ಹಾಕ್ರೇ ಮಾರಾಯ್ತಿ, ಸಕ್ಕರೆ ತುಟ್ಟಿಯಾಗದೆ!" ಎಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅದು ಸಿಹಿ ಸಕ್ಕರೆಯಲ್ಲ, ನೂಲಿನ ಹಾಗೆ ಉದ್ದಕ್ಕೆ ಹೆಣೆದುಕೊಂಡ ಬೇರೆಯದೇ ವಸ್ತು ಎಂದು ನೀನು ಹೇಳಿದ್ದು ಆ ನಗೆಯಲ್ಲಿ ಮುಳುಗಿಹೋಯಿತು. ಅಜ್ಜಿ ಮಾತ್ರ ನಗಲಿಲ್ಲ. ಆಗಲೇ ಯಾರಾದರೂ ಗಮನಿಸಬೇಕಿತ್ತು.

ಅದಕ್ಕೇ ಮಗಾ, ಸದಾಶಿವಗಡದಲ್ಲಿ ಸಕ್ಕರೆ ಎನ್ನಬೇಡ. ನಾರು ಎನ್ನು, ಅಂಟು ಎನ್ನು. ನಮ್ಮ ಕಡೆ ಸಕ್ಕರೆ ಎಂಬ ಮಾತಿಗೆ ಈಗ ಕಾಯಿಲೆ ಎಂದೇ ಅರ್ಥ.

ನಿನ್ನ ಓದು ಕೈಹಿಡಿಯಲಿ, ಆರೋಗ್ಯವಾಗಿರು.

ನಿನ್ನ ಮಾಮ,
ಸೋಮು

ತಾ.ಕ.: ಅಜ್ಜಿ ಕೊನೆಯ ಮಳೆಗಾಲದಲ್ಲಿ ಹೊಟ್ಟೆತುಂಬ ಅಣಬೆ ತಿಂದಳಲ್ಲ ಎಂದು ಸಮಾಧಾನದಿಂದ ಬರೆದಿದ್ದೀಯ. ಇಲ್ಲ ಮಗಾ. ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿನಗೆ ಗೊತ್ತೇ ಇತ್ತು. ನೀನು ಕತೆ ಹೇಳಿದ ಮರುದಿನ ಬೆಳಿಗ್ಗೆ ನಿನ್ನ ಬಸ್ಸು ಹೋದ ಮೇಲೆ, ರೊಟ್ಟಿಗೆಂದು ತೆಗೆದಿಟ್ಟಿದ್ದ ಅಣಬೆ ಸುಕ್ಕದ ಪಾತ್ರೆಯನ್ನು ಬೇಲಿಯಾಚೆ ಮಾಸ್ತಿಗೆ ಕೊಟ್ಟಳು. "ನಂಗೆ ಸಕ್ಕರೆ ಅಲ್ವನಾ, ನೀ ತಿನ್ನು. ಮೊಮ್ಮಗಳು ಅಷ್ಟು ಓದಿದವಳು, ಸುಳ್ಳು ಹೇಳ್ತದ್ಯ?" ಎಂದಳು. ಮಾಸ್ತಿ ಅಲ್ಲೇ ನಿಂತು ತಿಂದ. ಅವನು ಮುಗಿಸುವವರೆಗೂ ಅಜ್ಜಿ ಬೇಲಿ ಹಿಡಿದು ನಿಂತಿದ್ದಳು. ಆಮೇಲೆ ಖಾಲಿ ಪಾತ್ರೆ ಇಸಿದುಕೊಂಡು, ಒಮ್ಮೆ ಮೂಸಿ, ಬಾವಿಕಟ್ಟೆಯಲ್ಲಿ ತೊಳೆದಿಟ್ಟಳು.